ಹಡಗಿನ ಪದ್ಮಾವತಿ

ಪದ್ಮಾವತಿ ಮೊದಲ ಸಲ ಒಬ್ಬ ಮನುಷ್ಯನ ಮುಖಕ್ಕೆ ಹೊಡೆದದ್ದು ಸಮುದ್ರದ ಮೇಲೆ. ಎತ್ತ ನೋಡಿದರೂ ನೆಲ ಕಾಣುತ್ತಿರಲಿಲ್ಲ. ಎದುರಿಗೆ ತಟ್ಟೆ ಹಿಡಿದು ನಿಂತ ಪ್ರವಾಸಿಗಳ ಸಾಲು, ಅವಳ ಕೈಯಲ್ಲಿ ಸೊಪ್ಪು ತುಂಬಿದ ದೊಡ್ಡ ಸ್ಟೀಲಿನ ಬೋಗುಣಿ. ಆ ಬೋಗುಣಿಯನ್ನೇ ಬೀಸಿದಳು. ಮೂಗಿನ ಎಲುಬು ಮುರಿದ ಸದ್ದು ತನಗೆ ಸ್ಪಷ್ಟವಾಗಿ ಕೇಳಿಸಿತು ಎಂದು ಈಗಲೂ ಹೇಳುತ್ತಾಳೆ. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇರುವುದಿಲ್ಲ. ನಾಚಿಕೆಯೂ ಇರುವುದಿಲ್ಲ.

ಆ ಏಟಿನ ಸುದ್ದಿ ಹೇಳುವ ಮುಂಚೆ ಅವಳ ಊರು ಜವಳಗೇರಾದ ಗದ್ದೆಯಲ್ಲಿ ನಡೆದದ್ದನ್ನು ಹೇಳಬೇಕು.

ಅವಳ ಅಪ್ಪ ಆದೆಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ತಾಯಿ ಗಾಳೆಮ್ಮ ನಾಟಿ ಕೂಲಿಗೆ ಹೋಗುವವಳು. ಅಣ್ಣ ಲಕ್ಷ್ಮಣ ಅವಳಿಗಿಂತ ಎರಡು ವರ್ಷ ದೊಡ್ಡವನು. ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ ಅಕ್ಕಪಕ್ಕ ಇದ್ದವು. ಆ ವರ್ಷ ಕಾಲುವೆಗೆ ನೀರು ಬಿಟ್ಟಾಗ ಲಕ್ಷ್ಮಣ ಒಂದಿಷ್ಟು ಗದ್ದೆ ಗೇಣಿಗೆ ಹಿಡಿದು, ತಾಯಿ ತಂಗಿಯರನ್ನೂ ಕೇರಿಯ ಹೆಂಗಸರನ್ನೂ ಕರೆದುಕೊಂಡು ನಾಟಿ ಮಾಡಿಸುತ್ತಿದ್ದ. ಪಕ್ಕದ ಗದ್ದೆಯವರ ಮಗ ಮಹಾಂತೇಶ ಟ್ರ್ಯಾಕ್ಟರು ತಿರುಗಿಸುವಾಗ ಕಬ್ಬಿಣದ ಗಾಲಿಯನ್ನು ಇವರ ಬದುವಿನ ಮೇಲೆ ಹತ್ತಿಸಿದ. ಬದು ಒಡೆಯಿತು. ಬೆಳಿಗ್ಗೆಯಷ್ಟೇ ನೆಟ್ಟ ಸಸಿಗಳು ನೀರಿನ ಜೊತೆ ಹರಿದು ಹೋದವು. ಲಕ್ಷ್ಮಣ ಓಡಿಹೋಗಿ ಟ್ರ್ಯಾಕ್ಟರಿನ ಕೀಲಿ ಕಿತ್ತುಕೊಂಡ.

"ಬದು ಕಟ್ಟಿಕೊಟ್ಟು ಕೀಲಿ ಒಯ್ರಿ" ಎಂದ. ಅಂದದ್ದು ಅಷ್ಟೇ.

ಮಹಾಂತೇಶ ಮತ್ತು ಅವನ ಇಬ್ಬರು ಆಳುಗಳು ಲಕ್ಷ್ಮಣನನ್ನು ಕೆಸರಿನಿಂದ ಎಳೆದುಕೊಂಡು ಹೋಗಿ, ದಡದಲ್ಲಿ ನಿಂತಿದ್ದ ಟ್ರೇಲರಿಗೆ ಎರಡೂ ಕೈ ಕಟ್ಟಿದರು. ಪಂಪ್‌ಸೆಟ್ಟಿನ ಹಳೆಯ ಬೆಲ್ಟು ಸಿಕ್ಕಿತು. ಅದರಿಂದ ಬೆನ್ನಿಗೆ ಹೊಡೆದರು. ಅಂಗಿ ಹರಿದ ಮೇಲೆ ಬರಿ ಚರ್ಮಕ್ಕೆ ಹೊಡೆದರು. ಕೂಗಲು ಮುಖ ತಿರುಗಿಸಿದಾಗ ಬೆಲ್ಟಿನ ತುದಿ ಕಿವಿಗೆ ಬಿತ್ತು. ಮಹಾಂತೇಶ ಕೈ ಸೋತಾಗ ಆಳಿಗೆ ಕೊಟ್ಟ, ಆಳು ಸೋತಾಗ ತಾನೇ ಇಸಿದುಕೊಂಡ. ಪದ್ಮಾವತಿ ಮೊಣಕಾಲು ಮಟ್ಟದ ಕೆಸರಿನಲ್ಲಿ ನಿಂತಿದ್ದಳು. ನಾಟಿಗೆ ಬಂದ ಹೆಂಗಸರೆಲ್ಲ ಸಸಿಯ ಕಟ್ಟು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು. ಅವಳು ಒಂದು ಹೆಜ್ಜೆ ಎತ್ತಿಡುವಷ್ಟರಲ್ಲಿ ಗಾಳೆಮ್ಮ ಅವಳ ರಟ್ಟೆ ಹಿಡಿದಳು.

"ಹೋಗಬ್ಯಾಡ ಪದ್ಮಾ. ನಿನ್ನೂ ಕೊಲ್ತಾರ."

"ಅಣ್ಣನ್ನ ಸಾಯಿಸಾಕತ್ತಾರ ಬೇ ಯವ್ವಾ!"

"ನೀ ಒಬ್ಬಾಕಿಯರ ಉಳಿ" ಎಂದಳು ತಾಯಿ. ಹಾಗೆ ಅಂದವಳ ಕೆಳತುಟಿಯಿಂದ ರಕ್ತ ಬರುತ್ತಿತ್ತು. ತಾನೇ ಕಚ್ಚಿಕೊಂಡಿದ್ದಳು.

ಲಕ್ಷ್ಮಣ ಉಳಿದ. ಬಲಗಿವಿ ಉಳಿಯಲಿಲ್ಲ. ಆಮೇಲೆ ಹಿರಿಯರು ಅನ್ನಿಸಿಕೊಂಡವರು ಮನೆಗೆ ಬಂದು ಕೂತು ರಾಜಿ ಮಾಡಿಸಿದರು. ಒಂದೇ ಊರಿನಲ್ಲಿ ಬಾಳಬೇಕಾದವರು, ಬೆಳೆಗೆ ನೀರು ಅವರ ಗದ್ದೆ ದಾಟಿಯೇ ಬರಬೇಕು ಎಂದರು. ಕೊನೆಗೆ ಕೈಮುಗಿದು ತಪ್ಪಾಯಿತು ಅಂದದ್ದು ಲಕ್ಷ್ಮಣ, ಟ್ರ್ಯಾಕ್ಟರಿನ ಕೀಲಿ ಕಿತ್ತುಕೊಂಡದ್ದಕ್ಕೆ. ಮಹಾಂತೇಶ ಬಾಗಿಲ ಹೊರಗೆ ಮೋಟರ್‌ಸೈಕಲ್ಲಿನ ಮೇಲೆ ಕೂತು ಫೋನು ನೋಡುತ್ತಿದ್ದ.

ಪದ್ಮಾವತಿ ಆ ಊರಿನಲ್ಲಿ ಮತ್ತೆ ನಾಟಿಗೆ ಇಳಿಯಲಿಲ್ಲ. ಪಿಯುಸಿ ಮುಗಿಸಿ ಕಲಬುರಗಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಹೋಟೆಲ್ ಕೆಲಸದ ಡಿಪ್ಲೊಮಾ ಓದಿದಳು. ಗೋವಾದ ರೆಸಾರ್ಟೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿದಳು. ಅಲ್ಲಿಂದ ಮುಂಬೈ ಏಜೆನ್ಸಿಯ ಮೂಲಕ ಪ್ರವಾಸಿ ಹಡಗಿಗೆ ಸೇರಿದಳು. ಅಮೆರಿಕದ ಬಂದರಿನಿಂದ ಹೊರಟು, ವಾರಕ್ಕೊಮ್ಮೆ ದ್ವೀಪಗಳ ಸುತ್ತು ಹಾಕಿ ಬರುವ ಹಡಗು. ಅದರ ಮೇಲಿನ ಅಂತಸ್ತಿನ ಊಟದ ಹಾಲಿನಲ್ಲಿ ಸಲಾಡ್ ಕೌಂಟರು ಅವಳ ಜಾಗ. ಗಾಜಿನ ಹಿಂದೆ ತಟ್ಟೆ ತಟ್ಟೆಯಾಗಿ ಸೊಪ್ಪು, ಸೌತೆ, ಕಾಳು, ಚೀಸು, ಬೇಯಿಸಿದ ಕೋಳಿ. ಜನ ಬೆರಳು ತೋರಿಸಿ ಬೇಕಾದ್ದು ಕೇಳುತ್ತಾರೆ. ಅದನ್ನೆಲ್ಲ ಬೋಗುಣಿಗೆ ಹಾಕಿ, ಎರಡು ಹಿಡಿಯ ಬಾಗಿದ ಚೂರಿಯನ್ನು ತೊಟ್ಟಿಲಿನ ಹಾಗೆ ಆಚೀಚೆ ಆಡಿಸಿ ಕೊಚ್ಚಿ, ಎಣ್ಣೆ ಹುಳಿ ಬೆರೆಸಿ, ನಗುತ್ತ ಕೊಡಬೇಕು. ನಗುವುದೂ ಕೆಲಸದ ಭಾಗ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಜೊತೆಗೆ ಪೆರು ದೇಶದ ರೋಸಾ ಎಂಬ ಹೆಂಗಸು ನಿಲ್ಲುತ್ತಿದ್ದಳು. ಇಬ್ಬರಿಗೂ ಅರ್ಧಂಬರ್ಧ ಇಂಗ್ಲಿಷು, ಆದರೂ ದಿನವಿಡೀ ಹರಟುತ್ತಿದ್ದರು.

ಸಮುದ್ರ ಕೂಡ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಬಿರುಗಾಳಿಗೆ ಹಡಗು ವಾಲಿದಾಗ ತಟ್ಟೆಗಳ ಗಾಡಿ ಜಾರಿ ಬಂದು ಒಬ್ಬ ಅಡುಗೆಯವನ ಕೈಯನ್ನು ಗೋಡೆಗೆ ಅಪ್ಪಳಿಸಿತು. ಅವನ ಬೆರಳುಗಳು ಚಪ್ಪಟೆಯಾದದ್ದನ್ನು ಪದ್ಮಾವತಿ ನೋಡಿದಳು. ಅವನನ್ನು ಕೆಳಗೆ ಒಯ್ದ ಮೇಲೆ ರಕ್ತ ಒರೆಸಿ ಮತ್ತೆ ಕೌಂಟರು ತೆರೆದರು. ಹಸಿದವರು ಕಾಯುತ್ತಿದ್ದರು.

ಎರಡನೇ ವರ್ಷದ ಒಂದು ಮಧ್ಯಾಹ್ನ ದೊಡ್ಡ ಮೈಕಟ್ಟಿನ ಒಬ್ಬ ಮನುಷ್ಯ ಹೆಂಡತಿಯ ಜೊತೆ ಸಾಲಿನಲ್ಲಿ ಬಂದ. ಬೆಳಿಗ್ಗೆಯಿಂದಲೇ ಕುಡಿದದ್ದು ಉಸಿರಿನಲ್ಲೇ ತಿಳಿಯುತ್ತಿತ್ತು. ಹೆಂಡತಿ ಸಣ್ಣ ದನಿಯಲ್ಲಿ ಆಲಿವ್ ಕಾಯಿ ಹಾಕಲು ಹೇಳಿದಳು. ಅವನು ಬೇಡ ಎಂದ. ಪದ್ಮಾವತಿ ಇಬ್ಬರ ಮುಖವನ್ನೂ ನೋಡಿ, ಹೆಂಗಸನ್ನೇ ಇನ್ನೊಮ್ಮೆ ಕೇಳಿದಳು. ಊಟ ಅವಳದ್ದಲ್ಲವೇ? ಅವಳು ತಲೆ ತಗ್ಗಿಸಿಕೊಂಡೇ, "ಸ್ವಲ್ಪ ಹಾಕಿ" ಎಂದಳು.

ಅವನು ಅಂಗೈ ಬೀಸಿ ಹೆಂಡತಿಯ ಕೆನ್ನೆಗೆ ಬಾರಿಸಿದ. ಅವಳ ತಲೆ ಕೌಂಟರಿನ ಗಾಜಿಗೆ ಬಡಿಯಿತು, ಗಾಜಿನಲ್ಲಿ ಸೀಳು ಮೂಡಿತು. ಸಾಲಿನಲ್ಲಿದ್ದವರೆಲ್ಲ ತಟ್ಟೆ ಹಿಡಿದು ಹಾಗೇ ನಿಂತರು. ಅವನು ಕೂದಲು ಹಿಡಿದು ಅವಳ ಮುಖ ಮೇಲೆತ್ತಿ, ಎರಡನೇ ಸಲ ಕೈ ಎತ್ತಿದ.

"ಆಗ ನನ್ನ ರಟ್ಟಿ ಯಾರೂ ಹಿಡದಿರ್ಲಿಲ್ಲ" ಎನ್ನುತ್ತಾಳೆ ಪದ್ಮಾವತಿ.

ಕೌಂಟರು ಸುತ್ತಿ ಹೊರಗೆ ಬಂದವಳೇ ಬೋಗುಣಿ ಬೀಸಿದಳು. ಅವನು ಮಂಡಿಯೂರಿದ. ಮೂಗಿನಿಂದ ರಕ್ತ ಸುರಿದು ಬಿಳಿ ಅಂಗಿ ಕೆಂಪಾಯಿತು, ಸೊಪ್ಪು ತಲೆ ತುಂಬ ಅಂಟಿತ್ತು. ಆದರೆ ಆ ಮೈಗೆ ಒಂದು ಏಟು ಸಾಲಲಿಲ್ಲ. ಎದ್ದು ಮುಷ್ಟಿಯಿಂದ ಅವಳ ಬಾಯಿಗೆ ಗುದ್ದಿದ. ಮುಂದಿನ ಹಲ್ಲೊಂದು ಮುರಿದು ನಾಲಿಗೆಯ ಮೇಲೆ ಬಿತ್ತು. ಅವಳ ಜುಟ್ಟು ಹಿಡಿದು ಕೌಂಟರಿನ ಹಲಗೆಗೆ ಮುಖ ಜಜ್ಜಿದ, ಮತ್ತೊಮ್ಮೆ ಜಜ್ಜಿದ. ಅವಳ ಕೈಗೆ ತಡವರಿಸಿ ಸಿಕ್ಕಿದ್ದು ಬಾಗಿದ ಚೂರಿ. ಏನು ಸಿಕ್ಕಿದೆ ಎಂದು ತಿಳಿದ ಕೂಡಲೇ ಅದನ್ನು ಕೆಳಗೆ ತಳ್ಳಿದಳು. ರೋಸಾ ಅದನ್ನು ಕಾಲಿನಿಂದ ದೂರ ಒದ್ದಳು. ಪದ್ಮಾವತಿ ತಿರುಗಿ, ತನ್ನ ಜುಟ್ಟು ಹಿಡಿದ ಕೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಕಾವಲಿನವರು ಬಂದು ಬಿಡಿಸುವವರೆಗೆ ಆ ಕೈ ಬಿಡಲಿಲ್ಲ.

ವಿಚಾರಣೆಯಲ್ಲಿ ಆ ಹೆಂಡತಿ, ತನ್ನ ಗಂಡ ಏನೂ ಮಾಡಲಿಲ್ಲ, ಈ ಹುಡುಗಿಯೇ ಮೈಮೇಲೆ ಬಿದ್ದಳು ಎಂದು ಹೇಳಿದಳು. ಹಾಗೆ ಹೇಳುವಾಗ ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಪದ್ಮಾವತಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. "ಆಕಿ ಮತ್ತ ಅದs ರೂಮಿಗೆ ಹೋಗಬೇಕಾಗಿತ್ತು. ನಾ ಹೋಗಬೇಕಾಗಿದ್ದಿಲ್ಲ" ಎನ್ನುತ್ತಾಳೆ. ಮುಂದಿನ ಬಂದರಿನಲ್ಲಿ ಪದ್ಮಾವತಿಯನ್ನು ಇಳಿಸಿ ವಿಮಾನ ಹತ್ತಿಸಿದರು. ಅತಿಥಿಯ ಮೇಲೆ ಕೈ ಮಾಡಿದವರಿಗೆ ಯಾವ ಹಡಗಿನಲ್ಲೂ ಕೆಲಸವಿಲ್ಲ.

ಬಾಯಿ ಊದಿಸಿಕೊಂಡು ಸಿಂಧನೂರಿಗೆ ಬಂದಿಳಿದ ಮಗಳನ್ನು ನೋಡಿ ಗಾಳೆಮ್ಮ ಬಸ್‌ಸ್ಟ್ಯಾಂಡಿನಲ್ಲೇ ಬಾಯಿ ಬಡಿದುಕೊಂಡಳು.

"ಯಾರು ಹೊಡದಾರ ಬೇ ನಿನಗ?"

"ಒಬ್ಬಾಂವ. ಮೊದಲ ನಾನs ಹೊಡದೆ."

ಗಾಳೆಮ್ಮ ಅಳುವುದನ್ನು ನಿಲ್ಲಿಸಿದಳು. ಆಮೇಲೆ ಚೀಲ ಎತ್ತಿ ತಲೆಯ ಮೇಲಿಟ್ಟುಕೊಂಡು, "ನಡಿ, ಉಣ್ಣಾಕ ನಡಿ" ಎಂದಳು.

ಕುಷ್ಟಗಿ ರಸ್ತೆಯಲ್ಲಿ ಆಗ ಹೊಸದಾಗಿ ಎರಡು ಜಿಮ್ಮು ಬಂದಿದ್ದವು. ಅವುಗಳ ಎದುರು, ನಾಸೀರನ ಪಂಕ್ಚರ್ ಅಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಪದ್ಮಾವತಿ ತನ್ನ ಕೌಂಟರು ಹಾಕಿದಳು. ಗಾಜಿನ ಹಿಂದೆ ಸೌತಿಕಾಯಿ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ, ಮೊಳಕೆ ಹೆಸರು, ಎಳೆ ಮೆಂತ್ಯ, ಹಕ್ಕರಕಿ ಸೊಪ್ಪು, ಬೇಯಿಸಿದ ತತ್ತಿ. ಹುಳಿಗೆ ನಿಂಬೆಹಣ್ಣು ಇಲ್ಲವೇ ಮೊಸರು, ಮೇಲೆ ಶೇಂಗಾ ಪುಡಿ ಅಥವಾ ಗುರೆಳ್ಳು ಪುಡಿ. ಕೇಳಿದ್ದನ್ನು ಕೇಳಿದಷ್ಟು, ಕಣ್ಣೆದುರಿಗೇ ಕೊಚ್ಚಿ ಕಲಸಿ ಕೊಡುತ್ತಿದ್ದಳು. ಎರಡು ಹಿಡಿಯ ಚೂರಿಯನ್ನು ಕಮ್ಮಾರನಿಗೆ ಚಿತ್ರ ತೋರಿಸಿ ಮಾಡಿಸಿಕೊಂಡಿದ್ದಳು. ಮೊದಮೊದಲು ಜನ, "ಪಚಡಿ ತಿನ್ನಾಕ ಅಂಗಡಿಗಿ ಬರಬೇಕೇನು?" ಎಂದು ನಕ್ಕರು. ಆಮೇಲೆ ಜಿಮ್ಮಿನ ಹುಡುಗರು ಬಂದರು. ಸಕ್ಕರೆ ಕಾಯಿಲೆಯ ಮಾಸ್ತರರು ಬಂದರು. "ಹಕ್ಕರಕಿ ಜಾಸ್ತಿ, ಉಳ್ಳಾಗಡ್ಡಿ ಬ್ಯಾಡ" ಎನ್ನುವ ದನಿಗಳು ಬೆಳಿಗ್ಗೆಯಿಂದಲೇ ಏಳುತ್ತಿದ್ದವು. ಲಕ್ಷ್ಮಣ ಮಸ್ಕಿಯ ಕಡೆಯಿಂದ ಹೊಲದ ತರಕಾರಿ ತಂದು ಇಳಿಸುತ್ತಿದ್ದ. ಊರು ಅವಳಿಗೆ ಹಡಗಿನ ಪದ್ಮಾವತಿ ಎಂದು ಹೆಸರಿಟ್ಟಿತು.

ಮಹಾಂತೇಶ ಈಗ ಸಿಂಧನೂರಿನಲ್ಲೇ ಮನೆ ಮಾಡಿ ಭತ್ತದ ವ್ಯಾಪಾರ ನಡೆಸುತ್ತಿದ್ದ. ಆ ಜಿಮ್ಮುಗಳಲ್ಲಿ ಒಂದಕ್ಕೆ ಬರತೊಡಗಿದ. ಅವನ ಗೆಳೆಯರು ಪದ್ಮಾವತಿಯ ಕೌಂಟರಿನಲ್ಲಿ ತಿನ್ನುತ್ತಿದ್ದರು. ಒಂದು ದಿನ ಅವನೂ ಬಂದು ನಿಂತ. ಅವಳು ಕಂಡ ಕೂಡಲೇ ಗುರುತು ಹಿಡಿದಳು. ಅವನಿಗೆ ಗುರುತು ಸಿಕ್ಕಿದ್ದು, ಹಿಂದಿನಿಂದ ಮೂಲಂಗಿಯ ಬುಟ್ಟಿ ಹೊತ್ತು ಬಂದ ಲಕ್ಷ್ಮಣನನ್ನು ನೋಡಿದ ಮೇಲೆ.

"ಇವರು ಆದೆಪ್ಪನ ಮಕ್ಕಳಲ್ಲೇನಲೇ?" ಎಂದು ಗೆಳೆಯರ ಕಡೆ ತಿರುಗಿದ. "ಇವರ ಕೈಯಾಗಿಂದ ತಿನ್ನಾಕತ್ತೀರೇನು? ಥೂ, ಉಗುಳ್ರಿ."

ಒಬ್ಬಿಬ್ಬರು ನಿಜಕ್ಕೂ ತಟ್ಟೆ ಕೆಳಗಿಟ್ಟರು. ಪದ್ಮಾವತಿ ಚೂರಿ ನಿಲ್ಲಿಸದೆ ಹೇಳಿದಳು: "ತಿನ್ನೋರು ತಿಂತಾರ. ನಿಮಗ ಬ್ಯಾಡಾದ್ರ ಹಾದಿ ಬಿಡ್ರಿ, ಹಿಂದ ಜನ ನಿಂತಾರ."

ಅವನು ಆಗ ಹೊರಟುಹೋದ. ಮರುದಿನ ಬೆಳಿಗ್ಗೆ ಇಬ್ಬರನ್ನು ಕರೆದುಕೊಂಡು ಬಂದ. ಒಬ್ಬನ ಕೈಯಲ್ಲಿ ಜಿಮ್ಮಿನ ಕಬ್ಬಿಣದ ರಾಡು. ಬಂದವರೇ ಬೀಸತೊಡಗಿದರು. ಗಾಜು ಪುಡಿಯಾಯಿತು, ತರಕಾರಿ ತಟ್ಟೆಗಳು ರಸ್ತೆಗೆ ಬಿದ್ದವು, ಮೊಸರಿನ ಪಾತ್ರೆ ಉರುಳಿತು. ತಿನ್ನಲು ಬಂದವರು ಚೆಲ್ಲಾಪಿಲ್ಲಿಯಾಗಿ ಓಡಿ, ದೂರ ನಿಂತು ಫೋನು ಎತ್ತಿ ಹಿಡಿದರು. ಲಕ್ಷ್ಮಣ ಬಗ್ಗಿ ತಟ್ಟೆ ಎತ್ತುತ್ತಿದ್ದ. ರಾಡಿನವನು ಅವನ ಬಲಗಡೆಯಿಂದ ಬಂದ. ಪದ್ಮಾವತಿ "ಅಣ್ಣಾ!" ಎಂದು ಚೀರಿದಳು. ಕೇಳದ ಕಿವಿಯ ಮಗ್ಗುಲು ಅದು. ರಾಡು ತಲೆಯ ಮೇಲೆ ಬಿತ್ತು. ಲಕ್ಷ್ಮಣ ಕೂಗದೆ ಮುಖ ಅಡಿಯಾಗಿ ಬಿದ್ದ. ರಕ್ತ ಚೆಲ್ಲಿದ ಮೊಸರಿನೊಳಗೆ ಹರಿಯಿತು.

ಮಹಾಂತೇಶ ಹಲಗೆಯ ಮೇಲಿದ್ದ ಬಾಗಿದ ಚೂರಿಯನ್ನು ಎತ್ತಿಕೊಂಡು, ಬಿದ್ದವನ ಬೆನ್ನ ಮೇಲೆ ಕಾಲಿಟ್ಟ. ಕೊಚ್ಚಲು ಎತ್ತಿದನೋ, ಹೆದರಿಸಲು ಎತ್ತಿದನೋ, ನೋಡಿದವರೆಲ್ಲ ಬೇರೆ ಬೇರೆ ಹೇಳುತ್ತಾರೆ. ಪದ್ಮಾವತಿ ಯೋಚಿಸಲಿಲ್ಲ. ಬರಿಗೈಯಲ್ಲಿ ಆ ಅಲಗನ್ನೇ ಹಿಡಿದಳು. ಅವನು ಎಳೆದ, ಅವಳು ಬಿಡಲಿಲ್ಲ. ಅಲಗು ಬೆರಳುಗಳ ಮಾಂಸ ಸೀಳಿ ಎಲುಬಿಗೆ ತಾಗಿತು. ಅಷ್ಟರಲ್ಲಿ ನಾಸೀರ ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಹಿಡಿದು ಓಡಿ ಬಂದ.

"ಬಿಡಲೇ!" ಎಂದವನೇ ಮಹಾಂತೇಶನ ಮುಂಗೈಗೆ ಬಾರಿಸಿದ. ಎಲುಬು ಮುರಿಯಿತು, ಕೈ ಜೋತುಬಿತ್ತು. ರಾಡಿನವನು ನಾಸೀರನ ಪಕ್ಕೆಗೆ ಹೊಡೆದ. ನಾಸೀರ ಉಸಿರು ಕಟ್ಟಿ ಕುಸಿಯುತ್ತಲೇ ಪಟ್ಟಿ ಬೀಸಿ ಅವನ ಮೊಣಕಾಲು ಒಡೆದ. ಮೂರನೆಯವನು ಅಷ್ಟು ನೋಡಿ ಓಡಿಹೋದ.

ಮಹಾಂತೇಶ ಕಾಲು ಜಾರಿ ಬೆನ್ನಡಿಯಾಗಿ ಬಿದ್ದಿದ್ದ. ಪದ್ಮಾವತಿ ಅವನ ಎದೆಯ ಮೇಲೆ ಮೊಣಕಾಲೂರಿ ಕೂತಳು. ಚೂರಿ ಈಗ ಅವಳ ಎಡಗೈಯಲ್ಲಿತ್ತು. ಬಲಗೈಯಿಂದ ಸುರಿಯುತ್ತಿದ್ದ ರಕ್ತ ಅವನ ಮುಖದ ಮೇಲೆ, ಬಾಯೊಳಗೆ ಬೀಳುತ್ತಿತ್ತು. ಅಲಗನ್ನು ಕುತ್ತಿಗೆಗೆ ಒತ್ತಿದಳು. ಚರ್ಮ ಬಿರಿದು ಕೆಂಪು ಗೆರೆ ಎದ್ದಿತು. ಅವನು "ಬ್ಯಾಡ, ಬ್ಯಾಡ ಯವ್ವಾ" ಎಂದ. ಅವನ ಪ್ಯಾಂಟು ಒದ್ದೆಯಾಯಿತು. ಸುತ್ತಲಿನವರಲ್ಲಿ ಯಾರೋ ಒಬ್ಬ "ಕೊಯ್ಯಿ!" ಎಂದು ಕೂಗಿದ. ನಾಸೀರ ನೆಲದ ಮೇಲೆ ಕೂತಲ್ಲಿಂದಲೇ, "ಪದ್ಮವ್ವಾ, ಅಣ್ಣನ್ನ ನೋಡು" ಎಂದ.

ಅವಳು ತಿರುಗಿ ನೋಡಿದಳು. ಲಕ್ಷ್ಮಣನ ತಲೆಯ ಕೆಳಗಿನ ಕೆಂಪು ಅಗಲವಾಗುತ್ತಿತ್ತು. ಚೂರಿ ಎಸೆದು ಎದ್ದಳು. ತನ್ನ ಏಪ್ರನ್ನು ಹರಿದು ಅಣ್ಣನ ತಲೆಗೆ ಬಿಗಿದಳು. ಕೂಗಿ ಕೂಗಿ ಒಂದು ಆಟೋ ನಿಲ್ಲಿಸಿ, ಸೀಳಿದ ಕೈಯಿಂದಲೇ ಅವನನ್ನು ಎತ್ತಿ ಒಳಗೆ ಹಾಕಿದಳು. ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಅವಳ ಕೈ ಹಿಡಿದು ತೋರಿಸುವವರೆಗೆ ತನ್ನ ಬೆರಳುಗಳ ನೆನಪೇ ಅವಳಿಗಿರಲಿಲ್ಲ.

ಲಕ್ಷ್ಮಣನ ತಲೆಬುರುಡೆಗೆ ರಾಯಚೂರಿನಲ್ಲಿ ಆಪರೇಷನ್ ಆಯಿತು. ಬದುಕಿದ. ಈಗಲೂ ಮಾತಿನ ನಡುವೆ ಪದ ಸಿಗದೆ ನಿಲ್ಲುತ್ತಾನೆ. ಪದ್ಮಾವತಿಯ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ನಾಸೀರನ ಪಕ್ಕೆಲುಬು ಕೂಡಿದವು. ಆದರೆ ಅವನು ಆಸ್ಪತ್ರೆಯಲ್ಲಿದ್ದಾಗಲೇ ಯಾರೋ ಅವನ ಅಂಗಡಿಯ ಟೈರುಗಳಿಗೆ ಬೆಂಕಿ ಹಚ್ಚಿದರು. ಕಪ್ಪು ಹೊಗೆ ಅರ್ಧ ಊರಿಗೆ ಕಂಡಿತು. ಅವನ ತಾಯಿ ದಾವಲ್‌ಬೀ ಸುಟ್ಟ ತಗಡಿನ ಎದುರು ನಿಂತು ದಖ್ಖನಿಯಲ್ಲಿ ಒಂದೇ ಸಮನೆ ಶಾಪ ಹಾಕಿದಳು. ಪದ್ಮಾವತಿ ಕ್ಷಮೆ ಕೇಳಲು ಹೋದಾಗ, ಆ ಮುದುಕಿ ಅವಳ ಪಟ್ಟಿ ಕಟ್ಟಿದ ಕೈ ಹಿಡಿದು, "ನೀ ಯಾಕ ಮಾಫಿ ಕೇಳ್ತಿ ಬೇ? ಬೆಂಕಿ ಹಚ್ಚಿದಾಕಿ ನೀನೇನು?" ಎಂದು ಬೈದು ಚಹ ಕುಡಿಸಿ ಕಳಿಸಿದಳು.

ಹಿರಿಯರು ಮತ್ತೆ ಬಂದರು. ಜವಳಗೇರಾದ ಅದೇ ಮನೆ, ಹೆಚ್ಚುಕಡಿಮೆ ಅದೇ ಮಾತು. ಪದ್ಮಾವತಿ ಪೊಲೀಸರಿಗೆ ದೂರು ಕೊಟ್ಟಿದ್ದಳು, ಮಹಾಂತೇಶನೂ ಎದುರು ಕೇಸು ಹಾಕಿದ್ದ. ಎರಡೂ ಕಡೆ ವಾಪಸ್ ತೆಗೆದುಕೊಂಡರೆ ಎಲ್ಲರಿಗೂ ಒಳ್ಳೆಯದು ಎಂದರು. ಆದೆಪ್ಪ ಗೋಡೆಗೆ ಒರಗಿ ಕೂತಿದ್ದ. ಎದ್ದು ನಿಂತದ್ದು ಗಾಳೆಮ್ಮ.

"ಅವತ್ತು ನನ್ನ ಮಗಳ ರಟ್ಟಿ ಹಿಡದು ನಿಲ್ಲಿಸಿದ್ದೆ ನಾನು" ಎಂದಳು. "ಇವತ್ತು ಹಿಡಿಯಂಗಿಲ್ಲ. ಚಹ ಕುಡದು ಎದ್ದು ಹೋಗ್ರಿ."

ಚಹ ಕುಡಿಯದೆ ಎದ್ದು ಹೋದರು.

ರಾಯಚೂರಿನ ಕೋರ್ಟಿನಲ್ಲಿ ಕೇಸು ಎಳೆಯುತ್ತ ಹೋಯಿತು. ಸಾಕ್ಷಿಗಳಲ್ಲಿ ಕೆಲವರು ಏನೂ ನೋಡಿಲ್ಲ ಎಂದರು. ಅವರೇ ತೆಗೆದ ವಿಡಿಯೋದಲ್ಲಿ ಅವರ ದನಿಯೇ ಇತ್ತು. ಪದ್ಮಾವತಿಯ ಸರದಿ ಬಂದ ದಿನ ಮಹಾಂತೇಶನ ವಕೀಲರು ಬಹಳ ಹೊತ್ತು ಹಡಗಿನ ಸುದ್ದಿ ಕೆದಕಿದರು. ಅಲ್ಲಿಯೂ ಹೊಡೆದಾಡಿ ಕೆಲಸ ಕಳೆದುಕೊಂಡವಳು, ಹೊಡೆದಾಟವೇ ಇವಳ ಸ್ವಭಾವ ಎಂದರು. ಕೊನೆಗೆ ಕೇಳಿದರು:

"ಚೂರಿ ನಿಮ್ಮ ಕೈಯೊಳಗ ಇತ್ತು, ಹೌದಲ್ಲ?"

"ಹೌದ್ರೀ, ಇತ್ತು."

"ಕುತ್ತಿಗಿಗೆ ಒತ್ತಿದ್ರಿ?"

"ಒತ್ತಿದ್ದೆ ರೀ."

"ಕೊಲ್ಲಬೇಕಂತ ಮನಸಿನಾಗ ಇತ್ತು?"

"ಇತ್ರೀ."

ಕೋರ್ಟು ಹಾಲಿನಲ್ಲಿ ಗುಜುಗುಜು ಎದ್ದಿತು. ಅವಳ ಕಡೆಯ ವಕೀಲರು ತಲೆಯ ಮೇಲೆ ಕೈ ಇಟ್ಟುಕೊಂಡರು. ಎದುರಿನ ವಕೀಲರು ಗೆದ್ದವರ ದನಿಯಲ್ಲಿ, "ಹಂಗಾದ್ರ ಯಾಕ ಬಿಟ್ರಿ?" ಎಂದರು.

"ನಮ್ಮಣ್ಣನ ರಕ್ತ ಹೋಗಾಕತ್ತಿತ್ರೀ" ಎಂದಳು ಪದ್ಮಾವತಿ. "ಇಂವನ್ನ ಕೊಯ್ಕೋತ ಕುಂದ್ರಾಕ ನನಗ ಟೈಮ್ ಇರ್ಲಿಲ್ಲ."

ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿ ತಲೆ ಎತ್ತಿ ಅವಳನ್ನು ನೋಡಿದರು. ಆಮೇಲೆ ಅದನ್ನೂ ಬರೆಸಿದರು.

ಮಹಾಂತೇಶನಿಗೂ ರಾಡಿನವನಿಗೂ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಿ ಈಗ ಜಾಮೀನಿನ ಮೇಲೆ ಹೊರಗಿದ್ದಾರೆ. ಅವಳ ಮೇಲಿನ ಎದುರು ಕೇಸು ನಿಲ್ಲಲಿಲ್ಲ. ಗೆದ್ದೆ ಎಂದು ಅವಳು ಎಲ್ಲೂ ಹೇಳಿಕೊಳ್ಳುವುದಿಲ್ಲ. ಒಂದೊಂದು ಸಲ ಬೀದಿಯಲ್ಲಿ ಮೋಟರ್‌ಸೈಕಲ್ಲು ಒಮ್ಮೆಲೇ ನಿಂತ ಸದ್ದಾದರೆ ನಾಲ್ಕೂ ಕಡೆ ಕಣ್ಣು ಓಡುತ್ತದೆ. ಲಕ್ಷ್ಮಣನ ಬಲಗಡೆ ತಾನೇ ನಿಲ್ಲುವುದು ರೂಢಿಯಾಗಿಬಿಟ್ಟಿದೆ.

ಸಿಂಧನೂರಿನ ಶೆಡ್ಡನ್ನು ಮಾಲೀಕ ಮತ್ತೆ ಕೊಡಲಿಲ್ಲ. ಈಗ ಅವಳ ಕೌಂಟರು ಲಿಂಗಸುಗೂರಿನಲ್ಲಿದೆ, ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ. ಪಕ್ಕದ ಜಾಗ ಖಾಲಿ ಇದ್ದದ್ದು ನೋಡಿ ನಾಸೀರನೂ ತನ್ನ ಗಾಳಿ ಯಂತ್ರವನ್ನು ಅಲ್ಲಿಗೇ ಸಾಗಿಸಿಕೊಂಡು ಬಂದ. ಎಡಗೈಯಿಂದ ಕೊಚ್ಚುವುದನ್ನು ಅವಳು ಮೊದಲಿನಿಂದ ಕಲಿತಳು. ಶುರುವಿನಲ್ಲಿ ಗಜ್ಜರಿ ಹಲಗೆಯಿಂದ ಸಿಡಿದು ರಸ್ತೆಗೆ ಹೋಗುತ್ತಿತ್ತು, ಈಗ ಹೋಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಹೆಂಗಸರು ಡಬ್ಬಿ ಹಿಡಿದು ಸಾಲು ನಿಲ್ಲುತ್ತಾರೆ.

ಮೊನ್ನೆ ಆ ಸಾಲಿನಲ್ಲಿ ಹೊಸಬಳೊಬ್ಬಳಿದ್ದಳು. ಬಸವಣ್ಣೆಮ್ಮ ಎಂದು ಹೆಸರು, ಅಂಗನವಾಡಿಯಲ್ಲಿ ಕೆಲಸ. ಸೆರಗನ್ನು ಕುತ್ತಿಗೆಯ ಸುತ್ತ ಬಿಗಿಯಾಗಿ ಹೊದ್ದಿದ್ದಳು. ಡಬ್ಬಿ ಚಾಚಿದಾಗ ಸೆರಗು ಜಾರಿತು. ಕುತ್ತಿಗೆಯ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ಪದ್ಮಾವತಿ ಚೂರಿ ಕೆಳಗಿಟ್ಟಳು.

"ಏನೇನು ಹಾಕಲಿ, ಅಕ್ಕಾ?"

"ಏನಾರ ಹಾಕವ್ವಾ. ಎಲ್ಲಾ ಒಂದs."

"ಇಲ್ಲಿ ಹಂಗ ನಡಿಯಂಗಿಲ್ಲ" ಎಂದಳು ಪದ್ಮಾವತಿ. "ನಿನಗೇನು ಬೇಕೋ ನೀನs ಹೇಳಬೇಕು. ಹೇಳು. ನಾ ನಿಂತೀನಿ."

ಹಿಂದಿನವರು ಗೊಣಗಿದರು. ಪದ್ಮಾವತಿ ಕಾಯುತ್ತ ನಿಂತಳು. ಕೊನೆಗೆ ಬಸವಣ್ಣೆಮ್ಮ ಗಾಜಿನ ಮೇಲೆ ಬೆರಳಿಟ್ಟು, "ಅದು" ಎಂದಳು.